ಬ್ರಾಂಚ್ ರಿಕಿ: ವರ್ಣರೇಖೆಯನ್ನು ಅಳಿಸಿದ ವ್ಯವಹಾರಸ್ಥ

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ 'ಮ್ಯಾನೇಜರ್' ಎಂದರೆ ಪಂದ್ಯದ ವೇಳೆ ತಂಡವನ್ನು ಮುನ್ನಡೆಸುವವನು. 'ಜನರಲ್ ಮ್ಯಾನೇಜರ್' ಬೇರೆಯೇ ವ್ಯಕ್ತಿ. ಯಾವ ಆಟಗಾರನನ್ನು ತರಬೇಕು, ಯಾರನ್ನು ಬಿಟ್ಟುಕೊಡಬೇಕು, ಯಾರಿಗೆ ಎಷ್ಟು ಸಂಬಳ ಎಂಬುದನ್ನೆಲ್ಲ ಕಚೇರಿಯಲ್ಲಿ ಕುಳಿತು ನಿರ್ಧರಿಸುವವನು ಅವನು. ಪ್ರೇಕ್ಷಕರ ಕಣ್ಣಿಗೆ ಬೀಳದ ಈ ಹುದ್ದೆಗೆ ಇಂದಿನ ಸ್ವರೂಪವನ್ನು ಕೊಟ್ಟವರಲ್ಲಿ ಬ್ರಾಂಚ್ ರಿಕಿ ಅಗ್ರಗಣ್ಯರು.

1881ರಲ್ಲಿ ಒಹಾಯೋ ರಾಜ್ಯದಲ್ಲಿ ಜನಿಸಿದ ರಿಕಿ ಆಟಗಾರರಾಗಿ ಹೆಸರು ಗಳಿಸಲಿಲ್ಲ. 1907ರ ಒಂದೇ ಪಂದ್ಯದಲ್ಲಿ ಎದುರಾಳಿಗಳು 13 ಸಲ ಅವರ ಕಣ್ಣೆದುರೇ ಮುಂದಿನ ನೆಲೆಗೆ ಓಡಿ ಸೇರಿಕೊಂಡರು; ಅದನ್ನು ತಡೆಯಬೇಕಾಗಿದ್ದ ಕ್ಯಾಚರ್ ಸ್ಥಾನದಲ್ಲಿದ್ದವರು ರಿಕಿಯವರೇ. ಅನಂತರ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1913ರಲ್ಲಿ ಸೇಂಟ್ ಲೂಯಿಸ್ ನಗರದ ಬ್ರೌನ್ಸ್ ತಂಡದ ಆಡಳಿತಕ್ಕೆ ಸೇರಿದರು. ಕೆಲವು ವರ್ಷಗಳಲ್ಲಿ ಅದೇ ನಗರದ ಕಾರ್ಡಿನಲ್ಸ್ ತಂಡಕ್ಕೆ ಬಂದರು.

ಕಾರ್ಡಿನಲ್ಸ್ ಬಡ ತಂಡ. ಸಿದ್ಧ ಆಟಗಾರರಿಗೆ ಸಿರಿವಂತ ತಂಡಗಳಷ್ಟು ಬೆಲೆ ತೆರುವ ಶಕ್ತಿ ಅದಕ್ಕಿರಲಿಲ್ಲ. ಆದ್ದರಿಂದ ರಿಕಿ ಕೆಳಹಂತದ ಲೀಗ್‌ಗಳ ಸಣ್ಣ ಊರಿನ ತಂಡಗಳನ್ನೇ ಕೊಂಡು, ಎಳೆಯ ಆಟಗಾರರನ್ನು ಅಲ್ಲಿ ಬೆಳೆಸತೊಡಗಿದರು. ಇದಕ್ಕೆ 'ಫಾರ್ಮ್' ಪದ್ಧತಿ ಎಂದು ಹೆಸರು; ನಮ್ಮ ಮಾತಿನಲ್ಲಿ ಸಸಿಮಡಿ ಎನ್ನಬಹುದು. ಅವರ ಅವಧಿಯಲ್ಲಿ ತಂಡವು 1926, 1931, 1934 ಮತ್ತು 1942ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಆದರೆ ಈ ಮಡಿಯಲ್ಲಿ ನಾಟಿಯಾಗದೆ ಬಾಡಿದ ಸಸಿಗಳೂ ಬಹಳ. ಒಮ್ಮೆ ಕರಾರಿಗೆ ಸಹಿ ಹಾಕಿದ ಆಟಗಾರ ತಾನಾಗಿ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. 1938ರಲ್ಲಿ ಬೇಸ್‌ಬಾಲ್ ಆಯುಕ್ತ ಲ್ಯಾಂಡಿಸ್ ಇಂತಹ 70ಕ್ಕೂ ಹೆಚ್ಚು ಆಟಗಾರರನ್ನು ಕಾರ್ಡಿನಲ್ಸ್ ಹಿಡಿತದಿಂದ ಬಿಡಿಸಿದರು.

1942ರ ಕೊನೆಗೆ ರಿಕಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಹೋದರು. ಮೇಜರ್ ಲೀಗ್‌ಗಳಲ್ಲಿ ಕಪ್ಪು ಜನರಿಗೆ ಆಗ ಪ್ರವೇಶವಿರಲಿಲ್ಲ. ಹಾಗೆಂದು ಬರೆದಿಟ್ಟ ನಿಯಮವೂ ಇರಲಿಲ್ಲ. ಬರೆಯದ ನಿಯಮವನ್ನು ಅಳಿಸುವುದು ಬರೆದದ್ದಕ್ಕಿಂತ ಕಷ್ಟ. 1945ರ ಆಗಸ್ಟ್ 28ರಂದು ರಿಕಿ ತಮ್ಮ ಕಚೇರಿಗೆ ಜಾಕಿ ರಾಬಿನ್‌ಸನ್ ಅವರನ್ನು ಕರೆಸಿ, ಹೋಟೆಲಿನವನಂತೆಯೂ ಎದುರಾಳಿ ಆಟಗಾರನಂತೆಯೂ ಅಭಿನಯಿಸುತ್ತ ಬೈಗುಳಗಳ ಮಳೆಗರೆದರು. ಇಷ್ಟನ್ನು ಕೇಳಿಯೂ ಕೈಯೆತ್ತದೆ ಇರುವ ಧೈರ್ಯ ಈತನಿಗಿದೆಯೇ ಎಂಬುದೇ ಪರೀಕ್ಷೆ. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ಡಾಡ್ಜರ್ಸ್ ಪರವಾಗಿ ಅಂಗಳಕ್ಕಿಳಿದರು. ಆ ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಗೌರವವೂ ಅವರಿಗೇ ಸಂದಿತು.

ಇದು ಧರ್ಮವೋ ವ್ಯಾಪಾರವೋ? ಕಾಲೇಜು ತಂಡದ ತರಬೇತುದಾರರಾಗಿದ್ದಾಗ ತಮ್ಮ ಕಪ್ಪು ಆಟಗಾರನೊಬ್ಬನಿಗೆ ಹೋಟೆಲಿನಲ್ಲಿ ಕೋಣೆ ನಿರಾಕರಿಸಿದ ಪ್ರಸಂಗವನ್ನು ರಿಕಿ ಅನೇಕ ಸಲ ನೆನೆದಿದ್ದಾರೆ. ಉತ್ತಮ ಆಟಗಾರರೂ ಹೊಸ ಪ್ರೇಕ್ಷಕರೂ ದೊರೆಯುವರೆಂಬ ಲೆಕ್ಕವನ್ನೂ ಅವರು ಬಲ್ಲವರಾಗಿದ್ದರು. ಎರಡೂ ನಿಜವಿರಬೇಕು. ಆದರೆ ರಾಬಿನ್‌ಸನ್ ಅದುವರೆಗೆ ಆಡುತ್ತಿದ್ದ ಕನ್ಸಾಸ್ ಸಿಟಿ ಮೊನಾರ್ಕ್ಸ್ ಎಂಬ ನೀಗ್ರೋ ಲೀಗ್ ತಂಡಕ್ಕೆ ರಿಕಿ ಒಂದು ಡಾಲರನ್ನೂ ಕೊಡಲಿಲ್ಲ. ಆ ಲೀಗ್‌ಗಳು ಕ್ರಮಬದ್ಧ ಸಂಘಟನೆಗಳೇ ಅಲ್ಲವೆಂಬುದು ಅವರ ವಾದ. ಡಾನ್ ನ್ಯೂಕಂಬ್ ಅವರನ್ನು ನ್ಯೂಯಾರ್ಕ್‌ನ ನೆರೆಯ ನ್ಯೂವಾರ್ಕ್ ಈಗಲ್ಸ್‌ನಿಂದ ಹೀಗೆಯೇ ಕರೆದೊಯ್ದಾಗ, ಆ ತಂಡದ ಒಡತಿ ಎಫಾ ಮ್ಯಾನ್ಲಿ ಬಹಿರಂಗವಾಗಿ ಪ್ರತಿಭಟಿಸಿದರು. 1947ರಲ್ಲಿ ಲ್ಯಾರಿ ಡೋಬಿ ಅವರನ್ನು ಬಯಸಿ ಬಂದ ಕ್ಲೀವ್‌ಲೆಂಡ್ ತಂಡದ ಬಿಲ್ ವೀಕ್ ಅವರಿಂದ ಆಕೆ ಹಣ ಪಡೆದೇ ಆಟಗಾರನನ್ನು ಬಿಟ್ಟುಕೊಟ್ಟರು. ಉತ್ತಮರು ಒಬ್ಬೊಬ್ಬರಾಗಿ ಹೊರಟುಹೋದಂತೆ ನೀಗ್ರೋ ಲೀಗ್‌ಗಳು ಕ್ಷೀಣಿಸಿದವು.

ರಿಕಿ 1965ರಲ್ಲಿ ತೀರಿಕೊಂಡರು. 1967ರಲ್ಲಿ ಅವರ ಹೆಸರು ಬೇಸ್‌ಬಾಲ್‌ನ 'ಹಾಲ್ ಆಫ್ ಫೇಮ್' ಸೇರಿತು. ಎಫಾ ಮ್ಯಾನ್ಲಿ ಅಲ್ಲಿಗೆ ಆಯ್ಕೆಯಾದ ಮೊದಲ ಮಹಿಳೆ. ಅದು 2006ರಲ್ಲಿ, ಆಕೆ ತೀರಿಕೊಂಡು 25 ವರ್ಷಗಳಾದ ಮೇಲೆ.