ಮಾಲ್ಕಿ ಜಮೀನು ಮತ್ತು ಸರ್ಕಾರ: ತಪ್ಪು ಕಲ್ಪನೆ, ಸತ್ಯ

ಆಸ್ತಿ ಮೂಲಭೂತ ಹಕ್ಕಲ್ಲ, ಹಾಗಾಗಿ ಸರ್ಕಾರ ಮನಸ್ಸು ಮಾಡಿದರೆ ಯಾರ ಜಮೀನನ್ನಾದರೂ ಎಳೆದುಕೊಳ್ಳಬಹುದು ಎಂಬ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ. ಸಂವಿಧಾನದ 44ನೇ ತಿದ್ದುಪಡಿಯ ಮೂಲಕ 1979ರ ಜೂನ್ 20ರಿಂದ ಆಸ್ತಿ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿತ್ತು. ಅದೇ ತಿದ್ದುಪಡಿ ತಂದ 300ಎ ವಿಧಿಯ ಪ್ರಕಾರ, ಶಾಸನದ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಅಧಿಕಾರಿಯ ಆದೇಶವೊಂದೇ ಸಾಲದು.

ಕಾರವಾರ, ಅಂಕೋಲಾ ಸೀಮೆಯಲ್ಲಿ ಭೂಸ್ವಾಧೀನ ಶಾಸನದ ಬಿಸಿ ತಟ್ಟಿದ್ದು ಸೀಬರ್ಡ್ ನೌಕಾನೆಲೆಯಿಂದ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಆ ನೆಲೆ, ಐಎನ್‌ಎಸ್ ಕದಂಬ, ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ನಡುವೆ ಅರಗಾದಂಥ ಊರುಗಳ ಸಾವಿರಾರು ಕುಟುಂಬಗಳು ನೆಲೆ ಬಿಟ್ಟವು. ದೇಶರಕ್ಷಣೆ ಸಾರ್ವಜನಿಕ ಉದ್ದೇಶವೇ ಆದ್ದರಿಂದ ಭೂಸ್ವಾಧೀನವನ್ನು ತಡೆಯುವುದು ಕಷ್ಟ. ದರದ ಮೇಲೆ ಮಾತ್ರ ಜಗಳಕ್ಕೆ ಜಾಗವಿತ್ತು.

ದರದ ವಿಷಯದಲ್ಲಿ, ಪರಿಹಾರದ ಹಣಕ್ಕೆ ಸಹಿ ಹಾಕಿದರೆ ಮುಗಿಯಿತು ಎಂಬ ಕಲ್ಪನೆಯೂ ಇದೆ. 2013ರವರೆಗೆ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯಡಿ ತಕರಾರು ದಾಖಲಿಸದೆ ಹಣ ಪಡೆದವರು 18ನೇ ಕಲಮಿನಂತೆ ಹೆಚ್ಚಿನ ದರ ಕೇಳುವಂತಿರಲಿಲ್ಲ, ಅದು ನಿಜ. ಆದರೆ 1984ರಲ್ಲಿ ಸೇರಿದ 28ಎ ಕಲಮು ಇನ್ನೊಂದು ದಾರಿ ತೆರೆಯಿತು. ಅದೇ ಅಧಿಸೂಚನೆಯಲ್ಲಿದ್ದ ಪಕ್ಕದ ಹೊಲದವನು ಕೋರ್ಟಿನಲ್ಲಿ ಹೆಚ್ಚಿನ ದರ ಗೆದ್ದರೆ, ಕೋರ್ಟಿಗೆ ಹೋಗದವನೂ ಮೂರು ತಿಂಗಳೊಳಗೆ ಅರ್ಜಿ ಹಾಕಿ ಅದೇ ದರ ಕೇಳಬಹುದಿತ್ತು. ತಕರಾರಿಲ್ಲದೆ ಹಣ ಪಡೆದದ್ದು ಇದಕ್ಕೆ ಅಡ್ಡಿಯಲ್ಲವೆಂದು ಸುಪ್ರೀಂ ಕೋರ್ಟಿನ ಐವರ ಪೀಠ 2002ರಲ್ಲಿ ಹೇಳಿತು. ಆದರೆ ಗಡುವು ಎಣಿಕೆಯಾಗುತ್ತಿದ್ದುದು ತೀರ್ಪಿನ ದಿನದಿಂದ, ಸುದ್ದಿ ಕಿವಿಗೆ ಬಿದ್ದ ದಿನದಿಂದಲ್ಲ. ಓದುಬರಹ ಕಡಿಮೆಯಿದ್ದ ಮನೆಗಳಿಗೆ ಇದು ಕಠಿಣ ನಿಯಮವೇ ಆಗಿತ್ತು. ಸೀಬರ್ಡ್ ನಿರಾಶ್ರಿತರ ಬಾಯಲ್ಲಿ 28ಎ ಎಂಬುದು ಮನೆಮಾತಾದದ್ದು ಸುಮ್ಮನಲ್ಲ.

ಇನ್ನೊಂದು ಗೊಂದಲ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆಯದು. ಸಮುದ್ರದಂಚಿನ ಮಾಲ್ಕಿ ಜಾಗ ಸರ್ಕಾರದ್ದಾಯಿತು, ಅಲ್ಲಿ ಏನೂ ಕಟ್ಟುವಂತಿಲ್ಲ ಎನ್ನುವವರಿದ್ದಾರೆ. 1991ರಲ್ಲಿ ಮೊದಲು ಬಂದ ಈ ಅಧಿಸೂಚನೆಯಿಂದ ಪಹಣಿಯಲ್ಲಿನ ಹೆಸರು ಬದಲಾಗುವುದಿಲ್ಲ, ಮಾರಾಟಕ್ಕೂ ಅಡ್ಡಿಯಿಲ್ಲ. ಗ್ರಾಮೀಣ ಕರಾವಳಿಯಲ್ಲಿ ಭರತರೇಖೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡ ಸಾಮಾನ್ಯವಾಗಿ ನಿಷಿದ್ಧ, ಅಧಿಕೃತ ಹಳೆಯ ಮನೆಯ ದುರಸ್ತಿಗೆ ಅವಕಾಶವಿದೆ. 2019ರ ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಿಗೆ ಈ ನಿಷೇಧಿತ ಅಂತರವನ್ನು 50 ಮೀಟರಿಗೆ ಇಳಿಸಿತು. ಜಾಗದ ಬೆಲೆ ಕುಸಿದರೂ ಇದು ಭೂಸ್ವಾಧೀನವಲ್ಲ, ಹಾಗಾಗಿ ಪರಿಹಾರವೂ ಇಲ್ಲ.