ಹಳೆಯ ಆಟೋಮ್ಯಾಟಿಕ್ ಕಾರು ಕೊಳ್ಳುವ ಮುನ್ನ



ಗೊಬ್ಬರದ ಲೆಕ್ಕ ನೋಡುವುದಕ್ಕೋ ಕಾಫಿಯ ಧಾರಣೆ ವಿಚಾರಿಸುವುದಕ್ಕೋ ಸಂಘದ ಕಚೇರಿಗೆ ಬರುವವರಲ್ಲಿ ಹಲವರು ಈಚೆಗೆ ಹೊರಡುವ ಮುನ್ನ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಒಂದೇ ಆಗಿದೆ. "ಮಗ ಬೆಂಗಳೂರಿನಲ್ಲಿ ಒಂದು ಹಳೇ ಆಟೋಮ್ಯಾಟಿಕ್ ಕಾರು ನೋಡಿದ್ದಾನೆ. ತಗೋಬಹುದಾ?" ಕೇಳುವವರು ಬಹುಮಟ್ಟಿಗೆ ಐವತ್ತು ದಾಟಿದವರು. ವರ್ಷಗಟ್ಟಲೆ ಜೀಪಿನ ಕ್ಲಚ್ಚು ತುಳಿದು ಅವರ ಎಡಮೊಣಕಾಲು ಸವೆದಿದೆ. ಒಬ್ಬೊಬ್ಬರಿಗೂ ನಿಂತ ನಿಲುವಿನಲ್ಲಿ ಉತ್ತರ ಹೇಳುವುದಕ್ಕಿಂತ ಪತ್ರಿಕೆಯಲ್ಲಿ ಬರೆಯುವುದೇ ಲೇಸೆಂದು ನಮಗೆ ತೋರಿತು.

ತೆಗೆದುಕೊಳ್ಳಬಹುದು ಎಂದು ಮೊದಲೇ ಹೇಳಿಬಿಡುತ್ತೇವೆ. ಆದರೆ ಪಟ್ಟಣದವರು ಕಾರು ನೋಡುವಂತೆ ನಾವು ನೋಡಿದರೆ ಸಾಲದು. ಅವರಿಗೆ ಕಾರು ತನ್ನಷ್ಟಕ್ಕೆ ಗೇರು ಬದಲಾಯಿಸಿಕೊಂಡರೆ ಸಾಕು. ಕಾಮಗೆರೆಯಿಂದ ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಹತ್ತುವವರಿಗೆ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ತೋಟಕ್ಕೆ ಹೋಗಿ ಬರುವವರಿಗೆ, ಬೇಕೆಂದಾಗ ಗೇರನ್ನು ನಮ್ಮ ಕೈಗೆ ಒಪ್ಪಿಸುವ ಕಾರು ಬೇಕು. ಗೇರು ಕೋಲಿನ ಪಕ್ಕದಲ್ಲಿ ಕೂಡುವ ಗುರುತು, ಕಳೆಯುವ ಗುರುತು ಇರುತ್ತದಲ್ಲ, ಅದು ಇದಕ್ಕಾಗಿಯೇ ಇರುವುದು. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಚಕ್ರದ ಹಿಂದೆ ಎರಡು ಪುಟ್ಟ ರೆಕ್ಕೆಗಳ ರೂಪದಲ್ಲಿ ಇದೇ ಸೌಲಭ್ಯ ಇರುತ್ತದೆ. ಮಾರುವವರು ಇದನ್ನು ಷೋಕಿಯ ವಸ್ತುವೆಂಬಂತೆ ವರ್ಣಿಸುತ್ತಾರೆ. ಬೆಟ್ಟದವರಿಗೆ ಇದು ಎರಡನೆಯ ಬ್ರೇಕು.

ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. ಹೊಸದಾಗಿ ಇಂಥ ಕಾರು ತಂದ ವರ್ಷ, ಮಳೆ ಬಿಟ್ಟ ಒಂದು ಮಧ್ಯಾಹ್ನ, ಹಿಂದಿನ ಸೀಟಿನಲ್ಲಿ ಇಬ್ಬರು, ಡಿಕ್ಕಿಯಲ್ಲಿ ಎರಡು ಮೂಟೆ ಕಾಫಿ ಇಟ್ಟುಕೊಂಡು ಬೆಟ್ಟ ಇಳಿಯುತ್ತಿದ್ದೆವು. ಗೇರು ಕೋಲು ಡಿ ಎಂಬಲ್ಲಿಯೇ ಇತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಕಾರು ಪೆಟ್ರೋಲು ಉಳಿಸುವ ಉದ್ದೇಶದಿಂದ ಮೇಲಿನ ಗೇರಿಗೆ ಹೋಗುತ್ತಿತ್ತು, ವೇಗ ಏರುತ್ತಿತ್ತು, ನಾವು ಬ್ರೇಕು ತುಳಿಯುತ್ತಿದ್ದೆವು. ಹತ್ತಾರು ತಿರುವುಗಳು ಹೀಗೆಯೇ ಕಳೆದ ಮೇಲೆ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಬ್ರೇಕಿನ ಪೆಡಲು ಹತ್ತಿಯ ಮೂಟೆ ಒತ್ತಿದಂತೆ ಕೆಳಗಿಳಿಯಿತು. ಕೈಬ್ರೇಕು ಎಳೆದು, ಕಾರನ್ನು ಒಳಬದಿಯ ಮಣ್ಣಿನ ದಂಡೆಗೆ ಉಜ್ಜಿ ನಿಲ್ಲಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಹೊರಬದಿಯಲ್ಲಿದ್ದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ಮರುದಿನ ಕೊಳ್ಳೇಗಾಲದ ಮೆಕಾನಿಕ್ಕು ಚಕ್ರ ಬಿಚ್ಚಿ, ನೀಲಿಗಟ್ಟಿದ ಡಿಸ್ಕು ತೋರಿಸಿ ಕೇಳಿದ ಮಾತು ಇಷ್ಟೇ: "ಬೆಟ್ಟ ಇಳೀವಾಗ ಡಿಲೇ ಬುಟ್ಬುಟ್ರಾ ಸಾ?"

ಏನಾಗಿತ್ತೆಂದು ಲೆಕ್ಕ ಹಾಕಿ ನೋಡಬಹುದು. ಜನ, ಸಾಮಾನು ಸೇರಿ 1,200 ಕಿಲೋ ತೂಗುವ ಕಾರು 500 ಮೀಟರು ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿಯು ಸುಮಾರು 17 ಲೀಟರು ತಣ್ಣೀರನ್ನು ಕುದಿಸುವುದಕ್ಕೆ ಸಾಕು. ಎರಡು ಕೊಡ ಎನ್ನಿ. ಗಾಳಿಯೂ ಟಯರುಗಳೂ ಇದರಲ್ಲಿ ಸ್ವಲ್ಪ ಪಾಲು ಹೊರುತ್ತವೆ. ಮಿಕ್ಕದ್ದೆಲ್ಲ ಅಂಗೈಯಗಲದ ಬ್ರೇಕ್ ಪ್ಯಾಡುಗಳ ಮೇಲೆ ಬೀಳುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಗುಣದ್ದು. ವರ್ಷಗಟ್ಟಲೆ ಬದಲಾಯಿಸದ ಆಯಿಲು ಕಡಿಮೆ ಶಾಖಕ್ಕೇ ಕುದಿದು ಅದರಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿದರೆ ಬ್ರೇಕು ಹಿಡಿಯುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೆ. ಎರಡನೆಯ ಗೇರಿನಲ್ಲಿ ಇಳಿದರೆ ಈ ಭಾರದ ಬಹುಪಾಲನ್ನು ಎಂಜಿನ್ನೇ ತಡೆದು ನಿಲ್ಲಿಸುತ್ತದೆ. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ ಎಂದು ಹಳೆಯ ಲಾರಿ ಡ್ರೈವರುಗಳು ಹೇಳುತ್ತಿದ್ದುದು ಇದನ್ನೇ.

ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನ ಹಿಂದೆ ನಾಲ್ಕು ಬಗೆಯ ಯಂತ್ರಗಳಿವೆ. ಕೈಗೇರಿನ ಗುರುತು ಎಲ್ಲದರಲ್ಲೂ ಇರಬಹುದು. ಅದರ ಹಿಂದಿರುವ ಯಂತ್ರ ಯಾವುದೆಂದು ತಿಳಿದೇ ಬೆಲೆ ಮಾತಾಡಬೇಕು.

ನಮ್ಮ ಕೈಗೆಟುಕುವ ಬೆಲೆಯಲ್ಲಿ ಹೆಚ್ಚಾಗಿ ಸಿಗುವುದು ಎ.ಎಂ.ಟಿ. ಎಂಬುದು. 2014ರಲ್ಲಿ ಮಾರುತಿಯವರು ಸೆಲೆರಿಯೋ ಕಾರಿನಲ್ಲಿ ತಂದ ಮೇಲೆ ಇದು ಮನೆಮಾತಾಯಿತು. ಅದೇ ವರ್ಷ ಆಲ್ಟೋ ಕೆ10, ಮರುವರ್ಷ ವ್ಯಾಗನ್ ಆರ್, 2017ರಲ್ಲಿ ಟಾಟಾ ಟಿಯಾಗೋ ಹೀಗೆ ಬಂದವು. ಇದರೊಳಗಿರುವುದು ನಮಗೆ ಗೊತ್ತಿರುವ ಹಳೆಯ ಗೇರ್ ಬಾಕ್ಸು, ಹಳೆಯ ಕ್ಲಚ್ಚು. ಅವನ್ನು ತುಳಿಯುವ ಕಾಲು, ಎಳೆಯುವ ಕೈ ಮಾತ್ರ ಯಂತ್ರದ್ದು. ಎಂಜಿನ್ನಿಗೂ ಚಕ್ರಕ್ಕೂ ನೇರ ಹಿಡಿತವಿರುವುದರಿಂದ ಕೈಗೇರಿಗೆ ಹಾಕಿದರೆ ಇಳಿಜಾರಿನಲ್ಲಿ ಚೆನ್ನಾಗಿ ತಡೆಯುತ್ತದೆ. ನಮ್ಮ ರಸ್ತೆಗೆ, ನಮ್ಮ ಜೇಬಿಗೆ ಇದು ಸಾಕೆಂಬುದು ನಮ್ಮ ಅಭಿಪ್ರಾಯ. ಇದರ ದೋಷವೆಂದರೆ ಏರಿನಲ್ಲಿ ನಿಂತಾಗ ಹಳೆಯ ಮಾದರಿಗಳು ಹಿಂದಕ್ಕೆ ಜಾರುತ್ತವೆ. ಅದನ್ನು ತಡೆಯಲೆಂದು ಆಕ್ಸಿಲರೇಟರನ್ನು ಅರೆಬರೆ ಒತ್ತಿಕೊಂಡೇ ಇದ್ದರೆ ಕ್ಲಚ್ಚು ಸುಡುತ್ತದೆ. ಕೈಬ್ರೇಕು ಹಾಕಿ ಹೊರಡಬೇಕು. ಈ ಕಾರುಗಳಲ್ಲಿ ಪಾರ್ಕಿಂಗಿನ ಪಿ ಎಂಬ ಸ್ಥಾನವೇ ಸಾಮಾನ್ಯವಾಗಿ ಇರುವುದಿಲ್ಲ. ಗೇರಿನಲ್ಲಿಟ್ಟೇ ಎಂಜಿನ್ನು ಆರಿಸಿ ಕೈಬ್ರೇಕು ಎಳೆಯಬೇಕು. ಇಳಿಜಾರಿನ ಒಕ್ಕಣೆ ಕಣದ ಪಕ್ಕ ನಿಲ್ಲಿಸುವವರು ಇದನ್ನು ಮರೆಯಬಾರದು.

ಎ.ಎಂ.ಟಿ. ಇದ್ದಲ್ಲೆಲ್ಲ ಕೈಗೇರು ಇದೆಯೆಂದು ಭಾವಿಸಬೇಡಿ. 2016ರಲ್ಲಿ ಬಂದ ರೆನೋ ಕ್ವಿಡ್ ಎ.ಎಂ.ಟಿ.ಯಲ್ಲಿ ಗೇರು ಕೋಲಿನ ಬದಲು ರೇಡಿಯೋ ತಿರುಪಿನಂಥ ಗುಂಡಿ. ಹಿಂದಕ್ಕೆ, ನ್ಯೂಟ್ರಲ್, ಮುಂದಕ್ಕೆ ಎಂಬ ಮೂರೇ ಸ್ಥಾನ. ಪೇಟೆಯೊಳಗೆ ಓಡಾಡಲು ಅನುಕೂಲವಾದ ಅಗ್ಗದ ಕಾರು. ಬೆಟ್ಟದ ತೋಟದವರು ಅದನ್ನು ಕೊಳ್ಳುವುದು ಬೇಡ.

ಎರಡನೆಯದು ಟಾರ್ಕ್ ಕನ್ವರ್ಟರ್. ಕ್ಲಚ್ಚಿನ ಬದಲು ಎಣ್ಣೆಯ ಸುಳಿಯೇ ಶಕ್ತಿಯನ್ನು ದಾಟಿಸುತ್ತದೆ. ಏರಿನಲ್ಲಿ ಹೊರಡುವುದು ಹೂವೆತ್ತಿದ ಹಾಗೆ, ಬಾಳಿಕೆಯೂ ಹೆಚ್ಚು. 2016ರ ಇನ್ನೋವಾ ಕ್ರಿಸ್ಟಾದ ಆಟೋಮ್ಯಾಟಿಕ್ ಈ ಜಾತಿಯದು. ಪೆಟ್ರೋಲು, ಡೀಸೆಲು ಸ್ವಲ್ಪ ಹೆಚ್ಚು ಕುಡಿಯುತ್ತದೆ, ಹಳೆಯದಾದರೂ ಬೆಲೆ ಇಳಿಯುವುದಿಲ್ಲ. ಹಣವಿರುವ ಸದಸ್ಯರು ಯೋಚಿಸದೆ ಇದನ್ನೇ ಕೊಳ್ಳಲಿ.

ಮೂರನೆಯದು ಸಿ.ವಿ.ಟಿ. ಇದರಲ್ಲಿ ಹಲ್ಲಿನ ಗೇರುಗಳೇ ಇಲ್ಲ. ಅಗಲ ಬದಲಾಗುವ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿ ಓಡುತ್ತದೆ. ಹೋಂಡಾ ಸಿಟಿಯ ಕೆಲವು ಮಾದರಿಗಳಲ್ಲಿರುವಂತೆ ರೆಕ್ಕೆ ಒತ್ತಿದಾಗ ಕಾಣುವ ಎರಡು, ಮೂರು ಎಂಬ ಅಂಕಿಗಳು ಕಂಪ್ಯೂಟರು ಗೊತ್ತುಮಾಡಿಕೊಂಡ ಮೆಟ್ಟಿಲುಗಳು. ಆದರೂ ಎಂಜಿನ್ನಿನ ತಡೆ ಸಿಗುತ್ತದೆ. ಗೇರ್ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಿದ ರಸೀದಿ ಇಲ್ಲದಿದ್ದರೆ ಮುಟ್ಟಬೇಡಿ. ನಾಲ್ಕನೆಯದಾದ ಜೋಡಿ ಕ್ಲಚ್ಚಿನ ಗೇರು ಓಡಿಸಲು ಸೊಗಸು. 2013ರಲ್ಲಿ ಬಂದ ಪೋಲೋ ಜಿ.ಟಿ. ಟಿ.ಎಸ್.ಐ. ಇದಕ್ಕೆ ಉದಾಹರಣೆ. ಅದರ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರದ ಒಣ ಬಗೆಯವು. ಶಿವರಾತ್ರಿಯಲ್ಲೋ ದೀಪಾವಳಿಯ ಜಾತ್ರೆಯಲ್ಲೋ ಮಾದಪ್ಪನ ಬೆಟ್ಟದ ಏರಿನಲ್ಲಿ ಬಸ್ಸುಗಳ ಹಿಂದೆ ಗೇಣು ಗೇಣಾಗಿ ತೆವಳುವಾಗ ಅಂಥವು ಬಿಸಿಯಾಗುತ್ತವೆ. ಹೊಸದಿದ್ದಾಗ ಸರಿ, ಎರಡನೆಯ ಕೈಗೆ ನಾವು ಒಪ್ಪುವುದಿಲ್ಲ.

ಇನ್ನು ಪರೀಕ್ಷೆಯ ವಿಷಯ. ಮಾರುವವರು ತಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿಸಿ ಕಳುಹಿಸುತ್ತಾರೆ. ಅದಕ್ಕೆ ಒಪ್ಪಬೇಡಿ. ಮೈಸೂರಿನಲ್ಲಿ ಕಾರು ನೋಡಿದರೆ ಚಾಮುಂಡಿ ಬೆಟ್ಟಕ್ಕೆ ಒಯ್ಯಿರಿ. ಬೆಂಗಳೂರಿನಲ್ಲಾದರೆ ನಂದಿ ಬೆಟ್ಟಕ್ಕೆ, ಜನಸಂದಣಿಯ ಭಾನುವಾರ ಬಿಟ್ಟು. ಪೆಟ್ರೋಲಿನ ದುಡ್ಡು ನೀವೇ ಕೊಡಿ. ಬೆಟ್ಟಕ್ಕೆ ಬರುವುದಿಲ್ಲ ಎಂದವರ ಕಾರು ನಮಗೆ ಬೇಡ.

ನೀವು ಹೋಗುವ ಹೊತ್ತಿಗೆ ಎಂಜಿನ್ನು ತಣ್ಣಗಿರಬೇಕೆಂದು ಮೊದಲೇ ತಿಳಿಸಿರಿ. ಮೊದಲೇ ಬಿಸಿ ಮಾಡಿಟ್ಟ ಕಾರು ತನ್ನ ರೋಗ ತೋರಿಸುವುದಿಲ್ಲ. ಬ್ರೇಕು ತುಳಿದುಕೊಂಡೇ ಹಿಂದಿನ ಗೇರಿನಿಂದ ಮುಂದಿನದಕ್ಕೆ, ಮುಂದಿನದರಿಂದ ಹಿಂದಿನದಕ್ಕೆ ನಾಲ್ಕು ಸಲ ಹಾಕಿ. ಧಡ್ ಎಂದು ಹೊಡೆದರೆ, ಅಥವಾ ಗೇರು ಬಿದ್ದಿತೋ ಇಲ್ಲವೋ ಎಂದು ಕಾಯುವಂತಾದರೆ ಗುಮಾನಿ ಪಡಿ. ಏರಿನ ಮಧ್ಯೆ ನಿಲ್ಲಿಸಿ, ಕೈಬ್ರೇಕಿನಿಂದ ಹೊರಡಿಸಿ. ಎ.ಎಂ.ಟಿ. ಕಾರು ನಡುಗಿದರೆ, ಎಂಜಿನ್ನು ಕೂಗಿಕೊಂಡರೂ ವೇಗ ಬರದಿದ್ದರೆ, ಕ್ಲಚ್ಚು ಮುಗಿದಿದೆ. ಆಮೇಲೆ ಇಳಿಯುವಾಗ ಕೈಗೇರಿಗೆ ಬಂದು ಎರಡಕ್ಕೆ ಹಾಕಿ, ಎರಡೂ ಪೆಡಲುಗಳಿಂದ ಕಾಲು ತೆಗೆಯಿರಿ. ಮುಂದಿನ ಫಲಕದಲ್ಲಿ 2 ಎಂಬ ಅಂಕಿ ಹಾಗೆಯೇ ನಿಂತಿರಬೇಕು. ಎಂಜಿನ್ನಿನ ಸದ್ದು ಏರಬೇಕು, ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ಕಾರು ತಡೆಯಬೇಕು. ಅಂಕಿ ತಾನಾಗಿ ಮೂರಕ್ಕೋ ನಾಲ್ಕಕ್ಕೋ ಹಾರಿದರೆ, ಮಿನುಗಿದರೆ, ಗೇರು ಕಳಚಿ ನ್ಯೂಟ್ರಲ್ಲಿಗೆ ಬಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಕೀಲಿ ಹಿಂದಿರುಗಿಸಿ ಬಸ್ಸು ಹತ್ತಿ ಬನ್ನಿ. ವೇಗ ಹೆಚ್ಚಿದ್ದಾಗ ಕೆಳಗಿನ ಗೇರು ಹಾಕಿದರೆ ಕಾರು ಒಪ್ಪದೆ ಪೀಂ ಎನ್ನುವುದುಂಟು, ತೀರ ನಿಧಾನವಾದಾಗ ತಾನೇ ಒಂದಕ್ಕೆ ಇಳಿಯುವುದುಂಟು. ಅವು ದೋಷಗಳಲ್ಲ, ಎಂಜಿನ್ನನ್ನು ಕಾಯುವ ಏರ್ಪಾಡು.

ಓಡಿದ ಕಿಲೋಮೀಟರು ನೋಡಿ ಮರುಳಾಗುವುದು ನಮ್ಮವರ ಇನ್ನೊಂದು ದೌರ್ಬಲ್ಯ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸರ್ಕಲ್ಲಿನಲ್ಲಿ ದಿನಕ್ಕೆರಡು ಸಲ ನಿಂತು ಹೊರಟು ನಿಂತು ಹೊರಟು 40,000 ಕಿ.ಮೀ. ತೋರಿಸುವ ಎ.ಎಂ.ಟಿ. ಕಾರಿನ ಕ್ಲಚ್ಚು, ಮೈಸೂರು ರಸ್ತೆಯಲ್ಲಿ ನೆಟ್ಟಗೆ 80,000 ಓಡಿದ ಕಾರಿನದಕ್ಕಿಂತ ಹೆಚ್ಚು ಸವೆದಿರಬಹುದು. ಕಂಪನಿಯ ವರ್ಕ್‌ಷಾಪಿನಲ್ಲಿ ಕಂಪ್ಯೂಟರು ಜೋಡಿಸಿ ನೋಡಿದರೆ ಗೇರಿನ ಪೆಟ್ಟಿಗೆಯಲ್ಲಿ ದಾಖಲಾದ ದೋಷಗಳು ತಿಳಿಯುತ್ತವೆ. ಕೊಡುವ ಸಣ್ಣ ಶುಲ್ಕಕ್ಕೆ ಹಿಂಜರಿಯಬೇಡಿ.

ನೀರಿನಲ್ಲಿ ಮುಳುಗಿದ ಕಾರುಗಳ ಬಗೆಗೂ ಎಚ್ಚರ ಬೇಕು. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳು ನೀರಿನಲ್ಲಿ ನಿಂತದ್ದು ನಿಮಗೆಲ್ಲ ನೆನಪಿದೆ. ಅಂಥ ಕಾರುಗಳನ್ನು ತೊಳೆದು ಒಣಗಿಸಿ ದೂರದೂರಿಗೆ ಮಾರುವವರಿದ್ದಾರೆ. ಸಾಧಾರಣ ಕಾರಾದರೆ ತುಕ್ಕಿನ ತೊಂದರೆಯೊಂದೇ ಎನ್ನಬಹುದಿತ್ತು. ಆಟೋಮ್ಯಾಟಿಕ್ಕಿನಲ್ಲಿ ಗೇರು ಹಾಕುವುದೇ ವಿದ್ಯುತ್ ತಂತಿಗಳು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಇರುತ್ತದೆ. ಕಾಲ್ಚಾಪೆಯ ಕೆಳಗೆ, ಸ್ಟೆಪ್ನಿ ಇಡುವ ಗುಳಿಯಲ್ಲಿ ಮೂಸಿ ನೋಡಿ.

ಕೊಂಡ ಮೇಲೆ ಬ್ಯಾಟರಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಜೀಪನ್ನು ನಾಲ್ಕಾಳು ತಳ್ಳಿ ಸ್ಟಾರ್ಟ್ ಮಾಡುತ್ತಿದ್ದ ಕಾಲ ಇದಕ್ಕೆ ಅನ್ವಯಿಸುವುದಿಲ್ಲ. ಬ್ಯಾಟರಿ ಸತ್ತರೆ ಗೇರೂ ಸತ್ತಂತೆ. ಸಂಜೆಗತ್ತಲಲ್ಲಿ ಆನೆ ದಾಟುವ ಕಾಡಿನ ರಸ್ತೆಯಲ್ಲಿ ಈ ಅನುಭವ ಯಾರಿಗೂ ಬೇಡ. ಜಂಪರ್ ತಂತಿಯನ್ನು ಡಿಕ್ಕಿಯಲ್ಲಿ ಇಟ್ಟಿರಿ. ಟಾರ್ಕ್ ಕನ್ವರ್ಟರ್, ಸಿ.ವಿ.ಟಿ. ಕಾರು ಕೆಟ್ಟು ನಿಂತರೆ ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ನು ಓಡದೆ ಗೇರಿನೊಳಗೆ ಎಣ್ಣೆ ಹರಿಯುವುದಿಲ್ಲ, ಹತ್ತು ಕಿಲೋಮೀಟರು ಎಳೆಯುವಷ್ಟರಲ್ಲಿ ಗೇರ್ ಬಾಕ್ಸು ಹಾಳಾಗಬಹುದು. ಚಾಲನೆಯ ಚಕ್ರಗಳನ್ನು ಮೇಲೆತ್ತುವ ವಾಹನವೇ ಬರಬೇಕು.

ಕಾಗದಪತ್ರಗಳು ಎಲ್ಲ ಕಾರಿಗೂ ಒಂದೇ. ನಮೂನೆ 29 ಮತ್ತು 30ಕ್ಕೆ ಮಾರುವವರ ಸಹಿ ಎದುರಿನಲ್ಲೇ ಆಗಲಿ. ಸಾಲವಿದ್ದ ಕಾರಾದರೆ ಬ್ಯಾಂಕಿನ ಋಣಮುಕ್ತ ಪತ್ರವೂ ನಮೂನೆ 35ಊ ಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಿ. ಕೊಯಮತ್ತೂರು, ಸತ್ಯಮಂಗಲದ ಕಡೆ ಅಗ್ಗಕ್ಕೆ ಸಿಗುತ್ತದೆಂದು ಹೋಗುವವರು, ಅಲ್ಲಿಯ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಆಜೀವ ತೆರಿಗೆ ಕಟ್ಟಬೇಕೆಂಬುದನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ಅಗ್ಗವೆಂಬುದು ಬಹಳ ಸಲ ಉಳಿಯುವುದಿಲ್ಲ. ನೋಂದಣಿಯಾಗಿ 15 ವರ್ಷ ಸಮೀಪಿಸಿದ ಕಾರನ್ನು ಮರುನೋಂದಣಿಯ ಖರ್ಚು ಕಳೆದೇ ಬೆಲೆ ಕಟ್ಟಿರಿ.

ನಮೂನೆಗಳ ಪ್ರತಿಗಳನ್ನು ಸಂಘದ ಕಚೇರಿಯಲ್ಲಿ ಇರಿಸಿದ್ದೇವೆ. ಕಾರು ನೋಡಲು ಹೋಗುವ ಸದಸ್ಯರು ಒಂದು ವಾರ ಮುಂಚೆ ತಿಳಿಸಿದರೆ, ಬೆಟ್ಟದಲ್ಲಿ ಇಂಥ ಕಾರು ಓಡಿಸಿ ಬಲ್ಲ ಒಬ್ಬರನ್ನು ಜೊತೆಗೆ ಕಳುಹಿಸಲು ಪ್ರಯತ್ನಿಸುತ್ತೇವೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಇದು ಸಾಧ್ಯವಾಗದು.