ಸಡಿಲ ಹಿಡಿತದಲ್ಲಿ ಸಿಕ್ಕ ಔಷಧ

ರಕ್ತ ಕ್ಯಾನ್ಸರ್‌ನ ಒಂದು ಬಗೆಗೆ ಕೊಡುವ ವೆನೆಟೊಕ್ಲಾಕ್ಸ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2016ರಲ್ಲಿ. ಅದರ ಬೇರು ಹುಡುಕುತ್ತ ಹೋದರೆ ಇಪ್ಪತ್ತು ವರ್ಷ ಹಿಂದಕ್ಕೆ, ಷಿಕಾಗೊ ಸಮೀಪದ ಅಬಾಟ್ ಕಂಪನಿಯ ಎನ್‌ಎಂಆರ್ ಪ್ರಯೋಗಾಲಯಕ್ಕೆ ತಲುಪುತ್ತೇವೆ. ಎನ್‌ಎಂಆರ್ ಎಂದರೆ ಪರಮಾಣು ಕಾಂತೀಯ ಅನುರಣನ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಹಿಂದಿರುವುದೂ ಇದೇ ತತ್ವ.

ಬಹುಪಾಲು ಔಷಧಗಳು ರೋಗಕ್ಕೆ ಕಾರಣವಾದ ಪ್ರೋಟೀನಿನ ಮೇಲೆ ಕೂತು ಅದರ ಕೆಲಸ ತಡೆಯುವ ಅಣುಗಳು. ಅವನ್ನು ಹುಡುಕಲು ಲಕ್ಷಾಂತರ ಸಂಯುಕ್ತಗಳನ್ನು ಪರೀಕ್ಷಿಸುವುದು ರೂಢಿ. ಗಟ್ಟಿಯಾಗಿ ಅಂಟಿದ್ದು ಉಳಿಯುತ್ತದೆ, ಸಡಿಲವಾಗಿ ತಾಗಿದ್ದು ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಇಂಥ ಅಣುಗಳಿಂದಲೇ ಔಷಧ ಕಟ್ಟಬಹುದೆಂದು ಅಬಾಟ್‌ನ ಸ್ಟೀಫನ್ ಫೆಸಿಕ್ ಮತ್ತು ಸಂಗಡಿಗರು 1996ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು.

ಅವರು ಬ್ಯಾಕ್ಟೀರಿಯಾಗಳಿಗೆ ನೈಟ್ರೊಜನ್-15 ಐಸೊಟೋಪ್ ಉಣಿಸಿ, ಅವುಗಳಿಂದ ಬೇಕಾದ ಪ್ರೋಟೀನ್ ಪಡೆದರು. ಅದನ್ನು ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ರೇಡಿಯೊ ತರಂಗ ಹಾಯಿಸಿದರೆ, ಹೆಚ್ಚುಕಡಿಮೆ ಪ್ರತಿ ಅಮೈನೊ ಆಮ್ಲವೂ ರೋಹಿತದಲ್ಲಿ ಒಂದೊಂದು ಚುಕ್ಕೆಯಾಗಿ ಕಾಣುತ್ತದೆ. ಪುಟ್ಟ ಅಣುವೊಂದು ಬಂದು ಅಂಟಿದಾಗ, ಅದು ಕೂತ ಜಾಗದ ಸುತ್ತಲಿನ ಚುಕ್ಕೆಗಳು ಸರಿಯುತ್ತವೆ. ಅಂಟಿದ್ದೂ ತಿಳಿಯುತ್ತದೆ, ಎಲ್ಲಿ ಅಂಟಿತೆಂಬುದೂ ತಿಳಿಯುತ್ತದೆ. ಕ್ಷಣಮಾತ್ರ ಕೂತು ಎದ್ದುಹೋಗುವ ಅಣುವಿನ ಗುರುತೂ ತಪ್ಪುವುದಿಲ್ಲ.

ಎಫ್‌ಕೆಬಿಪಿ ಎಂಬ ಪ್ರೋಟೀನಿನ ಮೇಲೆ ಅಕ್ಕಪಕ್ಕದಲ್ಲಿ ಕೂರುವ ಎರಡು ಅಣುಗಳು ಅವರಿಗೆ ಹೀಗೆ ಸಿಕ್ಕವು. ಒಂದರ ಹಿಡಿತ 2 ಮೈಕ್ರೊಮೋಲಾರ್, ಇನ್ನೊಂದರದು 100. ಈ ಸಂಖ್ಯೆ ಇಳಿದಷ್ಟೂ ಹಿಡಿತ ಬಿಗಿ. ಎರಡನ್ನೂ ಜೋಡಿಸಿ ಒಂದೇ ಅಣು ಮಾಡಿದಾಗ ಅದು ಇನ್ನೂ ಚಿಕ್ಕ ಅಳತೆಯಾದ ನ್ಯಾನೊಮೋಲಾರ್‌ನಲ್ಲಿ 19ಕ್ಕೆ ಇಳಿಯಿತು. ಅಂದರೆ ಎರಡರಲ್ಲಿ ಬಲವಾದದ್ದಕ್ಕಿಂತ ನೂರು ಪಟ್ಟು ಬಿಗಿ. ಬಂಧದ ಶಕ್ತಿಗಳು ಕೂಡಿಕೊಂಡರೆ ಹಿಡಿತ ಗುಣಿಸಿಕೊಳ್ಳುತ್ತದೆ.

ಮುಂದಿನ ಗುರಿ ಕಠಿಣ: ಸಾಯಬೇಕಾದ ಕೋಶವನ್ನು ಸಾಯಗೊಡದ ಬಿಸಿಎಲ್-ಎಕ್ಸ್‌ಎಲ್ ಪ್ರೋಟೀನ್. ಇನ್ನೊಂದು ಪ್ರೋಟೀನ್ ಬಂದು ಕೂರುವ ಅದರ ಉದ್ದನೆಯ ತೋಡಿನಲ್ಲಿ ಸಣ್ಣ ಅಣುವಿಗೆ ಆಸರೆ ಸಿಗುವುದು ಕಷ್ಟ. ಅಲ್ಲೂ ಎನ್‌ಎಂಆರ್ ಎರಡು ದುರ್ಬಲ ತುಣುಕುಗಳನ್ನು ಗುರುತಿಸಿತು. ಅವನ್ನು ಜೋಡಿಸಿ, ತಿದ್ದಿ ಬೆಳೆಸಿದ ಎಬಿಟಿ-737 ಅಣು 2005ರಲ್ಲಿ ಪ್ರಕಟವಾಯಿತು. ಅದರ ನಂತರ ಬಂದ ನಾವಿಟೊಕ್ಲಾಕ್ಸ್ ಬಾಯಿಂದ ಸೇವಿಸಬಹುದಾದ ಔಷಧ. ಆದರೆ ಪ್ಲೇಟ್‌ಲೆಟ್‌ಗಳ ಉಳಿವಿಗೂ ಬಿಸಿಎಲ್-ಎಕ್ಸ್‌ಎಲ್ ಬೇಕಾದ್ದರಿಂದ ರೋಗಿಗಳ ಪ್ಲೇಟ್‌ಲೆಟ್ ಸಂಖ್ಯೆ ಕುಸಿಯುತ್ತಿತ್ತು. ಬಿಸಿಎಲ್-ಎಕ್ಸ್‌ಎಲ್ ಅನ್ನು ಬಿಟ್ಟು, ಅದರದೇ ಬಳಗದ ಬಿಸಿಎಲ್-2 ಪ್ರೋಟೀನನ್ನು ಮಾತ್ರ ಹಿಡಿಯುವಂತೆ ಅಣುವನ್ನು ಮತ್ತೆ ರೂಪಿಸಿದಾಗ ಹುಟ್ಟಿದ್ದೇ ವೆನೆಟೊಕ್ಲಾಕ್ಸ್.

ಪ್ರೋಟೀನಿನ ಚುಕ್ಕೆಗಳನ್ನು ನೋಡುವ ಈ ವಿಧಾನಕ್ಕೆ ಪ್ರೋಟೀನ್ ಹೆಚ್ಚು ಬೇಕು. ಅದು ತೀರಾ ದೊಡ್ಡದಾದರೆ ಚುಕ್ಕೆಗಳು ಕಲಸಿಹೋಗುತ್ತವೆ. 1999ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮೊರಿಟ್ಸ್ ಮಾಯರ್ ಮತ್ತು ಬೆರ್ನ್ಡ್ ಮೇಯರ್ ಇದಕ್ಕೆ ದಾರಿ ಕಂಡುಕೊಂಡರು. ಪ್ರೋಟೀನಿಗೆ ರೇಡಿಯೊ ತರಂಗದ ಪ್ರಭಾವ ತುಂಬಿದರೆ, ಅದನ್ನು ಮುಟ್ಟಿ ಹೋಗುವ ಅಣುವಿಗೂ ಅದು ದಾಟುತ್ತದೆ, ಆ ಅಣುವಿನ ಸಂಕೇತ ಕುಗ್ಗುತ್ತದೆ. ಇಲ್ಲಿ ಬೇಗ ಬಂದು ಬೇಗ ಬಿಟ್ಟುಹೋಗುವುದೇ ಅನುಕೂಲ.

ಔಷಧಕ್ಕೆ ದಕ್ಕದು ಎಂದು ಕೈಬಿಟ್ಟ ಪ್ರೋಟೀನುಗಳು ಇನ್ನೂ ಬಹಳಷ್ಟಿವೆ. ಅವುಗಳ ಮೇಲೆ ಸ್ವಲ್ಪವಾದರೂ ಅಂಟುವ ಅಣು ಯಾವುದು, ಎಲ್ಲಿ ಅಂಟುತ್ತದೆ ಎಂದು ಕೇಳುವುದರಿಂದಲೇ ಹುಡುಕಾಟ ಶುರುವಾಗಬೇಕು.